ಮೂವತ್ತನಾಲ್ಕು ಯೂನಿಟ್

2025 ಜೂನ್ 1, ಭಾನುವಾರ

ಬಾಡಿಗೆ 3,500. ಅಕ್ಕಿ ಬಿಟ್ಟು ಉಳಿದ ಸಾಮಾನಿಗೆ 3,000. ಗ್ಯಾಸು, ಬಸ್ಸು, ಮಗಳ ಪುಸ್ತಕ, ಅತ್ತೆಯ ಮದ್ದು. ‘ಕರೆಂಟು’ ಎಂದು ಬರೆದು ಅದರ ಮುಂದೆ ಖಾಲಿ ಬಿಟ್ಟಿದ್ದೇನೆ. ಏಪ್ರಿಲ್ ಕೊನೆಗೆ ಈ ಬಾಡಿಗೆ ಮನೆಗೆ ಬರುವ ಮೊದಲು ಉಪ್ಪಿನಂಗಡಿಯ ಬಿಡಾರದಲ್ಲಿದ್ದಾಗ ಈ ಸಾಲೇ ಬೇಕಾಗಿರಲಿಲ್ಲ. ಗೃಹಜ್ಯೋತಿ ಶುರುವಾದ ಮೇಲೆ, ಅಂದರೆ 2023ರ ಆಗಸ್ಟಿನಲ್ಲಿ ಬಂದ ಬಿಲ್ಲಿನಿಂದ ಈಚೆಗೆ, ಅಲ್ಲಿ ಸೊನ್ನೆಯೇ ಇರುತ್ತಿತ್ತು.

ಶಾಲೆ ಮೇ 29ಕ್ಕೆ ಶುರುವಾಗಿದೆ. ಅತಿಥಿ ಶಿಕ್ಷಕಿಯಾದ ನನ್ನ ಗೌರವಧನ 12,000. ಬೇಸಿಗೆ ರಜೆಯಲ್ಲಿ ಅದೂ ಇಲ್ಲ. ನನ್ನ ಗಂಡನದ್ದು ಅಡಿಕೆ ಮರಕ್ಕೆ ಹತ್ತಿ ಮದ್ದು ಬಿಡುವ ಕೆಲಸ. ಈ ಸಲ ಮಳೆ ಮೇ ಕೊನೆಗೇ ಹಿಡಿದುಕೊಂಡಿತು. ಎಷ್ಟೋ ತೋಟಗಳಲ್ಲಿ ಮೊದಲ ಮದ್ದೇ ಆಗಿಲ್ಲ. ಮೈಲುತುತ್ತು, ಸುಣ್ಣ ತಂದಿಟ್ಟವರು ಬಿಸಿಲು ಕಾಯುತ್ತಿದ್ದಾರೆ. ಬಿಸಿಲು ಬಿದ್ದ ದಿನ ಸಂಬಳ ಒಳ್ಳೆಯದುಂಟು, ಬೀಳದ ದಿನ ಏನೂ ಇಲ್ಲ. ಗೃಹಲಕ್ಷ್ಮಿಯ 2,000 ಅತ್ತೆಯ ಖಾತೆಗೆ ಹೋಗುತ್ತದೆ, ರೇಷನ್ ಕಾರ್ಡಿನಲ್ಲಿ ಯಜಮಾನಿ ಅವರೇ. ಅದು ಅವರಿಗೇ ಇರಲಿ. ಈ ವಯಸ್ಸಿನಲ್ಲಿ ಯಾರ ಮುಂದೂ ಕೈಚಾಚದೆ ಮದ್ದು ತರಿಸಿಕೊಳ್ಳುತ್ತಾರೆ ಎನ್ನುವುದೇ ನನಗೆ ದೊಡ್ಡ ಸಮಾಧಾನ.

ಜೂನ್ 12, ಗುರುವಾರ

ಬಿಲ್ಲು ಬಂತು. ಬಳಸಿದ್ದು 82 ಯೂನಿಟ್, ಈ ಮನೆಗೆ ಅರ್ಹತೆ 34.

ಸಂಜೆ ಬೇರೆ ಕೆಲಸ ಬಿಟ್ಟು ಇದನ್ನೇ ಹಿಡಿದುಕೊಂಡು ಕೂತೆ. ಗೃಹಜ್ಯೋತಿ ಎಂದರೆ 200 ಯೂನಿಟ್ ಫ್ರೀ ಎಂದೇ ಎಲ್ಲರ ಬಾಯಲ್ಲಿ. 200 ಎನ್ನುವುದು ಮೇಲಿನ ಗೆರೆ ಮಾತ್ರ, ಅದು ದಾಟಿದರೆ ಇಡೀ ಬಿಲ್ಲು ನಮ್ಮದೇ. ಗೆರೆಯ ಒಳಗೆ ಎಷ್ಟು ಉಚಿತ ಎನ್ನುವುದಕ್ಕೆ 2022-23ರಲ್ಲಿ ಆ ಮೀಟರು ತಿಂಗಳಿಗೆ ಸರಾಸರಿ ಎಷ್ಟು ಓಡಿತ್ತು ಎಂದು ನೋಡಿ, ಅದರ ಮೇಲೆ ನೂರಕ್ಕೆ ಹತ್ತು ಸೇರಿಸುತ್ತಾರೆ. ಸರಾಸರಿ 48ಕ್ಕಿಂತ ಕಡಿಮೆ ಇದ್ದರೆ ನೂರಕ್ಕೆ ಹತ್ತರ ಬದಲು ಹತ್ತು ಯೂನಿಟ್ಟನ್ನೇ ಸೇರಿಸಬೇಕೆಂದು 2024ರ ಜನವರಿಯಲ್ಲಿ ತೀರ್ಮಾನವಾಯಿತು. ಆ ವರ್ಷ ಈ ಮನೆಯಲ್ಲಿದ್ದದ್ದು ಬಾಡಿಗೆಗೆ ಕೊಟ್ಟ ಯಜಮಾನರ ತಾಯಿ ಒಬ್ಬರೇ. ಏಳು ಗಂಟೆಗೆ ಊಟ, ಎಂಟಕ್ಕೆ ದೀಪ ಆರಿಸಿ ಮಲಗುತ್ತಿದ್ದರಂತೆ. ಅವರ ಸರಾಸರಿ 24, ಅದಕ್ಕೆ 10 ಸೇರಿ 34. ತೀರಿಹೋದ ಒಬ್ಬ ಅಜ್ಜಿಯ ಬೆಳಕಿನ ಲೆಕ್ಕದಲ್ಲಿ ನಾವು ನಾಲ್ಕು ಜನ ಬದುಕಬೇಕು.

ಸ್ವಂತ ಮನೆಯವರಿಗೆ ಈ ಲೆಕ್ಕ ಒಪ್ಪುತ್ತದೆ. ಅವರ ಸರಾಸರಿ ಅವರದ್ದೇ. ಬಾಡಿಗೆಯವರು ಮನೆ ಬಿಡುವಾಗ ತಮ್ಮ ಸರಾಸರಿಯನ್ನು ಅಲ್ಲೇ ಬಿಟ್ಟು ಬರುತ್ತಾರೆ, ಹೊಸ ಮನೆಯಲ್ಲಿ ಹಿಂದೆ ಇದ್ದವರ ಸರಾಸರಿಗೆ ಹೊಂದಿಕೊಳ್ಳುತ್ತಾರೆ. ಉಪ್ಪಿನಂಗಡಿಯಲ್ಲಿ ನಮಗೆ 71 ಸಿಗುತ್ತಿತ್ತು. ಎಷ್ಟು ಜನ ಇದ್ದಾರೆಂದು ರೇಷನ್ ಕಾರ್ಡ್ ನೋಡಿ ಅಕ್ಕಿ ಕೊಡುವ ಸರಕಾರಕ್ಕೆ ಬೆಳಕನ್ನೂ ಹಾಗೇ ಕೊಡಲು ಆಗದ ಕಾರಣ ನನಗೆ ಕಾಣುವುದಿಲ್ಲ.

ಹೆಚ್ಚುವರಿ 48 ಯೂನಿಟ್. ಏಪ್ರಿಲಿನಿಂದ ಯೂನಿಟ್ಟಿಗೆ 5 ರೂ. 80 ಪೈಸೆ, ಅಷ್ಟಕ್ಕೇ 278 ರೂ. 40 ಪೈಸೆ. ಅದರ ಮೇಲೆ ಪಿಂಚಣಿ ಬಾಬ್ತು ಎಂದು ಯೂನಿಟ್ಟಿಗೆ 36 ಪೈಸೆ, ತೆರಿಗೆ ಬೇರೆ. ಖಾಲಿ ಬಿಟ್ಟ ಸಾಲಿನಲ್ಲಿ ಸದ್ಯಕ್ಕೆ 400 ಬರೆದೆ.

ಇಷ್ಟಾದರೂ ಸಿಗುತ್ತಿರುವುದು ಈ ಮನೆಯ ಮೀಟರಿಗೆ ಆಧಾರ್ ಜೋಡಣೆ ಮಾಡಿಸಿದ್ದರಿಂದ. ಮನೆ ಬದಲಿಸಿದವರು ಹಳೆ ಮನೆಯಿಂದ ಆಧಾರ್ ಬಿಡಿಸಿಕೊಳ್ಳಬಹುದೆಂದು 2024ರಲ್ಲಿ ಅವಕಾಶ ಕೊಟ್ಟರು. ಮೊದಲು ಅದನ್ನು ಬಿಡಿಸಿ, ಸೇವಾಸಿಂಧುವಿನಲ್ಲಿ ಈ ಮನೆಯ ಖಾತೆ ಸಂಖ್ಯೆ ಹಾಕಿ ಹೊಸದಾಗಿ ನೋಂದಾಯಿಸಿದೆ. ಖಾತೆ ಸಂಖ್ಯೆ ಕೇಳಿದಾಗ ಯಜಮಾನರಿಗೆ ಹೆದರಿಕೆ.

“ಆಧಾರ್ ಸೇರಿಸಿದ್ರೆ ನಾಳೆ ಮನೆ ನಿಮ್ದು ಅಂತ ಆಗುದಾ ಟೀಚರ್?”

“ಇಲ್ಲ ಅಣ್ಣ. ಬಿಲ್ಲು ನಿಮ್ಮ ಹೆಸರಲ್ಲೇ ಬರ್ತದೆ. ನಾವು ಹೋಗುವಾಗ ಬಿಡಿಸಿ ಕೊಡ್ತೇವೆ.”

ಬಾಡಿಗೆ ಕರಾರಿನ ಹಿಂಬದಿಯಲ್ಲಿ ಅದನ್ನು ಬರೆದು ಸಹಿ ಹಾಕಿ ಕೊಟ್ಟ ಮೇಲೆ ಅವರಿಗೆ ನಿರಾಳ. ಕೆಟ್ಟವರಲ್ಲ. ಎರಡು ಕೋಣೆಯ ಬಾಡಿಗೆಯ ಮೇಲೆ ಮಗನನ್ನು ಓದಿಸುತ್ತಿರುವವರಿಗೆ ಆ ಹೆದರಿಕೆ ಇರುವುದು ಸಹಜ.

ಜೂನ್ 15, ಭಾನುವಾರ

ಜೋರು ಮಳೆ. ಮೀಟರಿನ ಎದುರು ಸ್ಟೂಲು ಹಾಕಿ ಕೂತು ಮಗಳಿಗೆ ಗಣಿತ, ನನಗೆ ಮನೆಯ ತಪಾಸಣೆ. ಪೆಟ್ಟಿಗೆಯ ಮೇಲೆ ಕೆಂಪು ದೀಪ ಮಿಟುಕುತ್ತದೆ. ಕೆಳಗೆ ಸಣ್ಣ ಅಕ್ಷರದಲ್ಲಿ 3200 ಎಂದುಂಟು. ದೀಪ 3,200 ಸಲ ಮಿಟುಕಿದರೆ ಒಂದು ಯೂನಿಟ್. ಎಲ್ಲ ಸ್ವಿಚ್ಚು ಆರಿಸಿದೆವು, ದೀಪ ನಿಂತಿತು. ಸೋರಿಕೆ ಇಲ್ಲ. ಫ್ಯಾನ್ ಹಾಕಿದಾಗ ನಿಧಾನವಾಗಿ ಮಿಟುಕಿತು. ಬಚ್ಚಲಲ್ಲಿ ನೀರು ಕಾಯಿಸುವ ಕಾಯಿಲ್ ಹಾಕಿದ್ದೇ ತಡ, ಎಣಿಸಲಿಕ್ಕೇ ಆಗದ ಹಾಗೆ ಓಡತೊಡಗಿತು. “ಅಮ್ಮಾ, ಇದಕ್ಕೆ ಜ್ವರ ಬಂತು” ಎಂದಳು ಮಗಳು.

ಕಾಯಿಲ್ 1,500 ವಾಟು, ನಲವತ್ತು ನಿಮಿಷಕ್ಕೆ ಒಂದು ಯೂನಿಟ್. ದಿನಕ್ಕೆ ಅಷ್ಟು ಬೇಕೇ ಬೇಕು, ತಿಂಗಳಿಗೆ 30. ಬಾವಿಯ ಪಂಪು ಒಂದು ಎಚ್.ಪಿ., ದಿನಕ್ಕೆ ಅರ್ಧ ಗಂಟೆ, ತಿಂಗಳಿಗೆ 11. ಅಡುಗೆಮನೆ, ಬಚ್ಚಲುಗಳ 60 ವಾಟಿನ ಹಳೆ ಬಲ್ಬು ಎರಡು, ದಿನಕ್ಕೆ ನಾಲ್ಕು ಗಂಟೆ ಉರಿದರೆ 14. ಫ್ಯಾನ್ 18. ಮಿಕ್ಸಿ, ಟಿವಿ, ಮೊಬೈಲ್ ಎಲ್ಲ ಸೇರಿ 9. ಕೂಡಿದರೆ 82. ಬಿಲ್ಲಿಗೆ ಸರಿಯಾಗಿ ಹೊಂದಿದ್ದು ಕಂಡು ಮಗಳು ಚಪ್ಪಾಳೆ ತಟ್ಟಿದಳು, ನನಗೂ ಖುಷಿಯಾಯಿತು. ದುಡ್ಡು ಎಲ್ಲಿ ಹೋಗುತ್ತದೆ ಎಂದು ಗೊತ್ತಾದರೆ ಅರ್ಧ ಭಯ ಇಳಿಯುತ್ತದೆ.

ಜೂನ್ 21, ಶನಿವಾರ

ಪಂಪು ಓಡುವುದು ನಮ್ಮ ಮೀಟರಿನಲ್ಲಿ, ನೀರು ನಮಗೂ ಪಕ್ಕದ ಕೋಣೆಯವರಿಗೂ. ಅಲ್ಲಿನ ಅಕ್ಕ ಬೀಡಿ ಕಟ್ಟುತ್ತಾರೆ. ಇವತ್ತು ಅವರ ಬಿಲ್ಲು ಕೇಳಿ ನೋಡಿದೆ. ಆ ಕೋಣೆ ಆಮೇಲೆ ಕಟ್ಟಿಸಿದ್ದು, ಹಳೆ ಸರಾಸರಿ ಇಲ್ಲ. ಹೊಸ ಮನೆಗಳಿಗೆ ರಾಜ್ಯದ ಸರಾಸರಿ 53, ಅದಕ್ಕೆ ನೂರಕ್ಕೆ ಹತ್ತು ಸೇರಿ 58 ಯೂನಿಟ್ ಉಚಿತ. ಅವರು ಬಳಸುವುದು 35ರ ಆಸುಪಾಸು. ಪಂಪಿನ 11 ಅಲ್ಲಿ ಸೇರಿದರೂ 46, ಯಾರಿಗೂ ಒಂದು ಪೈಸೆ ಬೀಳುವುದಿಲ್ಲ.

ಕಾಗದದಲ್ಲಿ ಬರೆದು ತೋರಿಸಿದೆ. ಅಕ್ಕ ಮೊರದಿಂದ ತಲೆಯೆತ್ತದೆ ಕೇಳಿದರು. “ಹೆಚ್ಚು ಬಂದ್ರೆ?”

“ಹೆಚ್ಚು ಬಂದದ್ದು ನಾವು ಕೊಡ್ತೇವೆ ಅಕ್ಕ.”

“ಹಾಗಾದ್ರೆ ಆಯ್ತು. ನೀರು ಕುಡಿಯುದು ಇಬ್ರೂ ಅಲ್ವಾ.”

ಯಜಮಾನರನ್ನೂ ಕೇಳಿ ಆಯಿತು. ಬರುವ ವಾರ ವಯರಿಂಗಿನವನನ್ನು ಕರೆಸುತ್ತಾರೆ. ಉಪ್ಪಿನಂಗಡಿಯಿಂದ 9 ವಾಟಿನ ಎಲ್‌ಇಡಿ ಎರಡು ತಂದೆ. ಹದಿನಾಲ್ಕು ಇದ್ದದ್ದು ಎರಡಕ್ಕೆ ಇಳಿಯಬೇಕು.

ಜೂನ್ 29, ಭಾನುವಾರ

ಕಾಯಿಲ್ ಬಿಡಿಸುವುದೇ ಕಷ್ಟ. ಬಚ್ಚಲಲ್ಲಿ ಹಂಡೆ ಉಂಟು, ಒಲೆ ಉಂಟು, ಸೌದೆ ಮಾತ್ರ ಒದ್ದೆ. ಸ್ವಂತ ಹಿತ್ತಲಿದ್ದವರು ಏಪ್ರಿಲಿನಲ್ಲೇ ಕೊಟ್ಟಿಗೆ ತುಂಬಿಸಿರುತ್ತಾರೆ. ನಾವು ಬಂದದ್ದೇ ಏಪ್ರಿಲ್ ಕೊನೆಗೆ. ಯಜಮಾನರು ಅಡಿಕೆ ಸಿಪ್ಪೆ, ಗೆರಟೆ, ಕೊತ್ತಳಿಂಗೆ ಎಷ್ಟು ಬೇಕಾದರೂ ಕೊಂಡುಹೋಗಿ ಎಂದರು. ನನ್ನ ಗಂಡ ಒಲೆಯ ಮೇಲೆ ಬಿದಿರಿನ ಅಟ್ಟ ಕಟ್ಟಿದ್ದಾರೆ. ಇವತ್ತಿನ ಬೆಂಕಿಯ ಶಾಖಕ್ಕೆ ನಾಳೆಯದ್ದು ಒಣಗುತ್ತದೆ. ಸಿಪ್ಪೆಯ ಹೊಗೆ ಜಾಸ್ತಿ. ಅತ್ತೆಗೆ ಕೆಮ್ಮು ಬಂದರೆ ಉಳಿಸಿದ ದುಡ್ಡು ಮದ್ದಿಗೇ ಹೋದೀತು. ಹಾಗಾಗಿ ತೀರಾ ಒದ್ದೆ ಇದ್ದ ದಿನ ಕಾಯಿಲೇ ಎಂದು ನಿಶ್ಚಯಿಸಿದೆ. ಗ್ಯಾಸಿನಲ್ಲಿ ಸ್ನಾನದ ನೀರು ಕಾಯಿಸುವ ಮಾತೇ ಇಲ್ಲ. ಏಪ್ರಿಲಿನಲ್ಲಿ ಸಿಲಿಂಡರಿಗೆ 50 ರೂಪಾಯಿ ಏರಿದ ಮೇಲೆ ಬೇಳೆ ಬೇಯಿಸುವಾಗಲೂ ನೋಡಿ ನೋಡಿ ಉರಿಸುತ್ತೇನೆ.

ಜುಲೈ 6, ಭಾನುವಾರ

ಇಲ್ಲಿಯ ಹೊಸ ಪಶುವೈದ್ಯಕೀಯ ಕಾಲೇಜು ಶುರುವಾದರೆ ಬಾಡಿಗೆ ಏರುತ್ತದಂತೆ. ಜಾನುವಾರು ಸಂವರ್ಧನಾ ಕ್ಷೇತ್ರದ ಜಾಗದಲ್ಲಿ ಎದ್ದ ಆ ಕಟ್ಟಡಗಳನ್ನು ನೋಡುವಾಗಲೆಲ್ಲ ನನಗೆ ಎರಡು ಮನಸ್ಸು. ಊರಿಗೆ ಕಾಲೇಜು ಬರಬೇಕು. ಮಕ್ಕಳು ಬಂದು ಕೋಣೆ ಹುಡುಕುವಾಗ 3,500ಕ್ಕೆ ಈ ಮನೆ ನಮಗೆ ಉಳಿಯುತ್ತದೆಂದು ಯಾರೂ ಹೇಳಲಾರರು.

ನಿನ್ನೆ ಪಂಚಾಯತ್ತಿನಲ್ಲಿ ವಸತಿಯ ಬಗ್ಗೆ ಕೇಳಿಕೊಂಡು ಬಂದೆ. ಬಸವ ವಸತಿಯಲ್ಲಾದರೂ ಪ್ರಧಾನಮಂತ್ರಿ ಆವಾಸದಲ್ಲಾದರೂ ಸಾಮಾನ್ಯ ವರ್ಗಕ್ಕೆ 1 ಲಕ್ಷ 20 ಸಾವಿರ, ತಳಪಾಯದಿಂದ ಛಾವಣಿವರೆಗೆ ಹಂತ ಹಂತವಾಗಿ ಫೋಟೋ ತೆಗೆದು ಕೊಡುತ್ತಾರೆ. ಕಟ್ಟಲು ನಿವೇಶನ ಬೇಕು. ಸರಕಾರಿ ಜಾಗದಲ್ಲಿ ಆಗಲೇ ಮನೆ ಕಟ್ಟಿ ಕೂತವರಿಗೆ ಅದನ್ನು ಸಕ್ರಮ ಮಾಡಿಸಿಕೊಳ್ಳಲು 94ಸಿ ಉಂಟು. ಎರಡೂ ಇಲ್ಲದವರು ನಿವೇಶನರಹಿತರ ಪಟ್ಟಿಗೆ ಹೆಸರು ಕೊಡಬೇಕು, ಆಯ್ಕೆ ಗ್ರಾಮಸಭೆಯಲ್ಲಿ. ಬಾಡಿಗೆ ಕಟ್ಟಲಿಕ್ಕೆ ನೆರವು ಎನ್ನುವ ಕಲಂ ಯಾವ ಅರ್ಜಿಯಲ್ಲೂ ನನ್ನ ಕಣ್ಣಿಗೆ ಬೀಳಲಿಲ್ಲ.

ಚಿಕ್ಕಮ್ಮನ ಮಗಳು ಅಯರ್ಲೆಂಡಿನಲ್ಲಿ ನರ್ಸು. ರಾತ್ರಿ ಫೋನಿನಲ್ಲಿ ಹೇಳಿದಳು: ಅಲ್ಲಿ ವರಮಾನ ಕಡಿಮೆ ಇದ್ದವರ ಬಾಡಿಗೆಯನ್ನು ಊರಿನ ಕೌನ್ಸಿಲ್ ನೇರ ಮನೆಯ ಮಾಲಕರಿಗೆ ಕೊಡುತ್ತದೆ, ಬಾಡಿಗೆಯವರು ತಮ್ಮ ವರಮಾನಕ್ಕೆ ತಕ್ಕ ಪಾಲನ್ನು ಕೌನ್ಸಿಲ್ಲಿಗೆ ಕಟ್ಟುತ್ತಾರೆ. ಅಷ್ಟು ದೊಡ್ಡದನ್ನು ನಾನು ಕೇಳುವುದಿಲ್ಲ. ಸ್ವಂತ ಸೂರು ಆಗುವವರೆಗಿನ ವರ್ಷಗಳೂ ಬದುಕಿನ ವರ್ಷಗಳೇ ಎಂದು ಯೋಜನೆ ಮಾಡುವವರು ಒಪ್ಪಿಕೊಂಡರೆ ಸಾಕು. ಹೊಸ ಮನೆಗೆ ಕೊಡುವ 58 ಯೂನಿಟ್ಟನ್ನು ಹೊಸದಾಗಿ ಬಂದ ಬಾಡಿಗೆಯವರಿಗೂ ಕೊಡಬಹುದು. ಸರಕಾರಕ್ಕೆ ಅದು ಭಾರವಾಗಲಾರದು.

ಜುಲೈ 12, ಶನಿವಾರ

ಬಿಲ್ಲು: 38 ಯೂನಿಟ್. ಹೆಚ್ಚುವರಿ ನಾಲ್ಕು, 23 ರೂ. 20 ಪೈಸೆ ಮತ್ತು ಮೇಲಿನದ್ದು. ಪಕ್ಕದ ಅಕ್ಕನದ್ದು ಸೊನ್ನೆ. ನಮ್ಮ ಬಾಗಿಲಿಗೇ ಬಂದು ತೋರಿಸಿ ಹೋದರು.

ಜುಲೈ 24, ಗುರುವಾರ

ಆಟಿ ಅಮಾವಾಸ್ಯೆ. ಇವರು ಬೆಳಕು ಹರಿಯುವ ಮೊದಲೇ ಹೋಗಿ ಪಾಲೆ ಮರದ ಕೆತ್ತೆ ತಂದರು. ಕಷಾಯ ಕುಡಿದು ಮಗಳ ಮುಖ ಇನ್ನೂ ನೆಟ್ಟಗಾಗಿಲ್ಲ, ಮೆಂತೆ ಗಂಜಿ ಕೊಟ್ಟು ಸಮಾಧಾನ ಮಾಡಿದೆ.

ಆಟಿ ತಿಂಗಳಲ್ಲಿ ಕೆಲಸ ಇನ್ನೂ ಕಡಿಮೆ. ಆಗಸ್ಟಿನ ಪುಟದಲ್ಲಿ ಕರೆಂಟಿಗೆ 100 ಬರೆದೆ. ಉಳಿದ 300ನ್ನು ಬೇರೆ ಡಬ್ಬಿಗೆ ಹಾಕಿದ್ದೇನೆ. ಬಾಡಿಗೆ ಏರಿದರೆ ಮೊದಲ ತಿಂಗಳಿನ ಹೊಡೆತ ತಡೆಯಲು ಅದು ಬೇಕು. ನಿವೇಶನದ ಅರ್ಜಿಗೆ ಆದಾಯ ಪ್ರಮಾಣಪತ್ರ ಮಾಡಿಸಬೇಕು. ಗ್ರಾಮಸಭೆ ಯಾವತ್ತೆಂದು ಗೊತ್ತಾದ ಕೂಡಲೇ ಮುಖ್ಯೋಪಾಧ್ಯಾಯರಲ್ಲಿ ಅರ್ಧ ದಿನ ರಜೆ ಕೇಳಬೇಕು. ಪಕ್ಕದ ಅಕ್ಕನೂ ಬರುತ್ತೇನೆ ಎಂದಿದ್ದಾರೆ.