ತಾತ ಬಿಡಿಸಿ ತೋರಿಸಿದ ರೆಕ್ಕೆ

ಬಚ್ಚಲೊಲೆಗೆ ಕಾಯಿಮಟ್ಟೆ ತುಂಬಿ ಬೆಂಕಿ ಹಚ್ಚಿದಾಗಲೆಲ್ಲ ನನಗೆ ಸಂಪಿಗೆ ಎಂಬ ಊರಿನ ಆ ರಾತ್ರಿ ನೆನಪಾಗುತ್ತದೆ. ಆಗ ನಾನು ಐದನೇ ಕ್ಲಾಸು. ಮುಂಗಾರು ಶುರುವಾಗಿ ಎರಡು ದಿನ, ಊರಲ್ಲಿ ಕರೆಂಟಿಲ್ಲ. ತಾತ ಅಂಗಳದಲ್ಲಿ ಮಟ್ಟೆಯ ಬೆಂಕಿ ಮಾಡಿಕೊಂಡು ಕೂತಿದ್ದರು. 11 ತಿಂಗಳು ಅಟ್ಟದಲ್ಲಿದ್ದ ಕಾಯಿಗಳನ್ನು ಒಂದೊಂದಾಗಿ ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗಿನ ಕೊಬ್ಬರಿ ಲೊಡಲೊಡ ಎಂದರೆ ಈ ಕಡೆಗೆ, ಇಲ್ಲದಿದ್ದರೆ ಆ ಕಡೆಗೆ ಹಾಕುತ್ತಿದ್ದರು.

ಭರ್ರೆಂದು ಸದ್ದಾಯಿತು. ತೋಟದ ಕಡೆಯಿಂದ ಕಪ್ಪನೆಯ ದುಂಬಿಯೊಂದು ಬೆಂಕಿಯತ್ತ ನುಗ್ಗಿ ಬಂತು. ದಾರಿಯಲ್ಲಿ ಜೋತುಬಿದ್ದ ಒಣಗರಿಗೆ ಪಟ್ಟೆಂದು ಬಡಿಯಿತು. ಬಿತ್ತು ಅಂದುಕೊಂಡೆ, ಬೀಳಲಿಲ್ಲ. ಒಂದು ಸಲ ಓಲಾಡಿ ಮತ್ತೆ ಹಾರಿ, ಕೊನೆಗೆ ಜಗಲಿಯ ಗೋಡೆಗೆ ಗುದ್ದಿ ಕೆಳಗೆ ಬಿತ್ತು.

ನಾನು ಚಪ್ಪಲಿ ಎತ್ತಿಕೊಂಡೆ. ತೆಂಗಿನ ಸುಳಿ ಕೊರೆಯುವ, ಮೂತಿಯ ಮೇಲೆ ಕೊಂಬಿರುವ ದುಂಬಿ ಅದು. ಹಿತ್ತಲಿನ ಎರಡು ಎಳೆ ಸಸಿ ಅದರಿಂದಲೇ ಹೋಗಿದ್ದವು. ದೊಡ್ಡ ಮರದಲ್ಲಾದರೆ ಗರಿ ಬಿಚ್ಚಿಕೊಂಡ ಮೇಲೆ ಕತ್ತರಿಯಲ್ಲಿ ಕತ್ತರಿಸಿದ ಹಾಗೆ ಕಾಣುತ್ತದೆ.

"ತಡ್ಯೋ ಮಗ" ಎಂದರು ತಾತ. ದುಂಬಿಯನ್ನು ಹಿಡಿದು ಉಗುರಿನಿಂದ ಮೇಲಿನ ಗಟ್ಟಿ ಚಿಪ್ಪು ಎತ್ತಿ, ಒಳಗಿನ ತೆಳ್ಳನೆಯ ರೆಕ್ಕೆಯನ್ನು ಮೆಲ್ಲಗೆ ಎಳೆದರು. ಬೆಂಕಿಯ ಬೆಳಕಲ್ಲಿ ಈರುಳ್ಳಿ ಸಿಪ್ಪೆಯಂತೆ ಹೊಳೆಯಿತು. ಬಿಟ್ಟೊಡನೆ ತುದಿ ತಾನಾಗಿ ಮಡಚಿಕೊಂಡಿತು. "ಇಷ್ಟುದ್ದದ ಬಟ್ಟೇನ ಇಷ್ಟು ಚಿಕ್ಕ ಪೆಟ್ಟಿಗೇಲಿ ಹೆಂಗೆ ಮಡಿಸಿಟ್ಟೈತೆ ನೋಡು!" ಆಮೇಲೆ ಅದನ್ನು ಸೀಮೆಎಣ್ಣೆ ಡಬ್ಬಿಗೆ ಹಾಕಿದರು. ತೋಟಗಾರ ಬೇರೆ ಏನು ಮಾಡಿಯಾನು?

ಬಡಿದರೂ ಯಾಕೆ ಬೀಳಲಿಲ್ಲ ಎಂಬುದು ಮಾತ್ರ ನನ್ನನ್ನು ಬಿಡಲಿಲ್ಲ. ಹುಳಗಳ ಹಾರಾಟವನ್ನೇ ಓದುವ ವಿಜ್ಞಾನಿಗಳಿದ್ದಾರೆಂದು ಎಷ್ಟೋ ವರ್ಷದ ಮೇಲೆ ತಿಳಿಯಿತು. ಅವರಲ್ಲೊಬ್ಬರು, ಸಂಜಯ್ ಸಾನೆ, ನಮ್ಮ ಬೆಂಗಳೂರಿನ ಜಿಕೆವಿಕೆ ಆವರಣದ ಜೀವವಿಜ್ಞಾನ ಸಂಶೋಧನಾ ಕೇಂದ್ರ ಎನ್‌ಸಿಬಿಎಸ್‌ನಲ್ಲೇ ಇದ್ದಾರೆ. ಅವರೂ ಸಂಗಡಿಗರೂ 2007ರಲ್ಲಿ ಪತಂಗದ ಮೇಲೆ ಮಾಡಿದ ಪ್ರಯೋಗ ಓದಿ ಬೆರಗಾದೆ. ಮೀಸೆಯ ಉದ್ದ ಭಾಗ ಕತ್ತರಿಸಿದರೆ ಪತಂಗ ಹಿಡಿತ ತಪ್ಪಿ ಗೋಡೆಗೆ ಬಡಿಯುತ್ತದೆ. ಅದೇ ತುಂಡನ್ನು ಅಂಟಿಸಿದರೆ ಮತ್ತೆ ನೆಟ್ಟಗೆ ಹಾರುತ್ತದೆ. ಮೈ ಯಾವ ಕಡೆ ತಿರುಗುತ್ತಿದೆ ಎಂಬ ಸುಳಿವು ಅದಕ್ಕೆ ಸಿಗುವುದು ಮೀಸೆಯ ಬುಡದ ನಡುಕದಿಂದ.

ಆದರೆ ನನ್ನ ದುಂಬಿಯ ಪ್ರಶ್ನೆಗೆ ಉತ್ತರ ಸಿಕ್ಕಿದ್ದು 2020ರಲ್ಲಿ, ದಕ್ಷಿಣ ಕೊರಿಯಾದಿಂದ. ಹೋಆಂಗ್ ವು ಫಾನ್ ಮತ್ತು ಹೂನ್ ಚಿಯೋಲ್ ಪಾರ್ಕ್ ನಮ್ಮ ಸುಳಿದುಂಬಿಯ ನೆಂಟನಾದ ಇನ್ನೊಂದು ಕೊಂಬಿನ ದುಂಬಿಯನ್ನು ಹಾರಿಸಿ ನೋಡಿದರು. ರೆಕ್ಕೆಯ ತುದಿಭಾಗ ಏನಕ್ಕಾದರೂ ಬಡಿದರೆ ಚಿಪ್ಪಿನಡಿ ಮಡಚಿಕೊಳ್ಳುವ ಮಡಿಕೆಯಲ್ಲೇ ಮುದುಡಿ ಪೆಟ್ಟನ್ನು ನುಂಗಿಕೊಳ್ಳುತ್ತದೆ, ಅದೇ ರೆಕ್ಕೆಬಡಿತ ಮುಗಿಯುವಷ್ಟರಲ್ಲಿ ಮತ್ತೆ ಬಿಚ್ಚಿಕೊಳ್ಳುತ್ತದೆ. ರೆಕ್ಕೆ ಬಡಿಯುವ ಪುಟ್ಟ ರೋಬಾಟಿಗೂ ಅಂಥದ್ದೇ ಮಡಿಕೆ ಇಟ್ಟರು. ಬಡಿದರೂ ಅದು ಹಾರುತ್ತಲೇ ಇತ್ತು.

ತಾತ ಬಿಡಿಸಿ ತೋರಿಸಿದ್ದು ಆ ಮಡಿಕೆಯನ್ನೇ. ಇದನ್ನು ಕೇಳಲು ಅವರಿಲ್ಲ ಎಂಬ ಕೊರಗು ನನಗಿದೆ.

ತೋಟವಿರುವವರಲ್ಲಿ ಒಂದು ಕೋರಿಕೆ. ಸುಳಿಯಿಂದ ದುಂಬಿಯನ್ನು ಕೊಕ್ಕೆ ಹಾಕಿ ತೆಗೆದಾಗ, ಡಬ್ಬಿಗೆ ಹಾಕುವ ಮುಂಚೆ ಮನೆಯ ಮಕ್ಕಳನ್ನು ಕರೆದು ಆ ರೆಕ್ಕೆಯನ್ನೊಮ್ಮೆ ಬಿಡಿಸಿ ತೋರಿಸಿ.