ಸಾಲೊಮನ್ನನ ಗಣಿಯೂ ಪಡಿಯೂರಿನ ವೈಡೂರ್ಯವೂ

ದಟ್ಟ ಕಾಡಿನ ಆಚೆ ಮರೆತುಹೋದ ನಾಗರಿಕತೆಯೊಂದು ಅಡಗಿದೆಯೆಂದು ಹೇಳುವ ಸಾಹಸ ಕಾದಂಬರಿಗಳ ಪೈಕಿ ರೈಡರ್ ಹ್ಯಾಗರ್ಡನು 1885ರಲ್ಲಿ ಪ್ರಕಟಿಸಿದ ‘ಕಿಂಗ್ ಸಾಲೊಮನ್ಸ್ ಮೈನ್ಸ್’ ಹಿರಿಯಣ್ಣನಂತಿದೆ. ಹಳೆಯದೊಂದು ನಕ್ಷೆ, ನೀರಿಲ್ಲದ ಮರುಭೂಮಿ, ಹಿಮ ಹೊದ್ದ ಜೋಡಿ ಶಿಖರಗಳು, ಅವುಗಳಾಚೆ ಕುಕುವಾನರ ನಾಡು, ಯಾರು ಹಾಸಿದರೋ ಯಾರೂ ಅರಿಯದ ರಾಜಮಾರ್ಗ, ಆ ಮಾರ್ಗದ ತುದಿಯಲ್ಲಿ ವಜ್ರದ ಗಣಿ. ಕಳೆದ ಬೇಸಿಗೆಯ ರಜೆಯಲ್ಲಿ ನಮ್ಮ ಮನೆಯ ಮಕ್ಕಳು ಇದನ್ನು ಓದಿ ಮುಗಿಸಿ, ಇಂಥ ಗಣಿ ಆಫ್ರಿಕದಲ್ಲಿ ಮಾತ್ರ ಏಕಿರಬೇಕೆಂದು ಕೇಳಿದರು. ಮೂರು ಗಂಟೆಯ ದಾರಿಯೊಳಗೆ ನಮ್ಮಲ್ಲಿಯೂ ಒಂದಿದೆಯೆಂದು ಹೇಳಿ, ಬುತ್ತಿ ಕಟ್ಟಿಸಿಕೊಂಡು ಅವರೊಡನೆ ಹೊರಟೆವು.

ಕೊಯಮತ್ತೂರಿನಿಂದ ಪೂರ್ವಕ್ಕೆ ಹೋಗುವ ಈ ಹಾದಿಯಲ್ಲಿ ಕಾಡು ಎಂಬುದಿಲ್ಲ. ಕಾಡು ಬೇಕಾದವರು ದಕ್ಷಿಣಕ್ಕೆ ತಿರುಗಿ ಆನೆಮಲೆಗೆ ಹೋಗಬೇಕು. ಇಲ್ಲಿರುವುದು ಬಿರುಬಿಸಿಲು, ಮುಳ್ಳುಬೇಲಿ ಹಾಕಿದ ಹುಲ್ಲುಗಾವಲು, ಕಾಂಗೇಯಂ ತಳಿಯ ದನಗಳು, ನಡುನಡುವೆ ಬನಿಯನ್ನಿನ ಕಾರ್ಖಾನೆಗಳು. ಆದರೆ ಹ್ಯಾಗರ್ಡನ ರಾಜಮಾರ್ಗಕ್ಕೆ ಸರಿದೊರೆಯಾದ ಮಾರ್ಗವೊಂದು ಇಲ್ಲಿಯೂ ಇದ್ದಿತು. ಪಶ್ಚಿಮ ಕರಾವಳಿಯ ಮುಚಿರಿ ಬಂದರಿನಿಂದ ಪಾಲಕ್ಕಾಡಿನ ಕಣಿವೆಯನ್ನು ಹಾದು, ನೊಯ್ಯಲ್ ಹೊಳೆಯ ದಡವನ್ನು ಹಿಡಿದು, ವೆಳ್ಳಲೂರು, ಸೂಲೂರು, ಕೊಡುಮಣಲುಗಳ ಮೂಲಕ ಚೇರರ ಕರೂರಿನವರೆಗೆ ಅದು ಸಾಗುತ್ತಿತ್ತು. ದಾರಿಯುದ್ದಕ್ಕೂ ಮಡಕೆಗಳಲ್ಲಿ ಹೂತಿಟ್ಟ ರೋಮಿನ ನಾಣ್ಯಗಳು ದೊರೆತಿವೆ. 1800ರಲ್ಲಿ ಪೊಳ್ಳಾಚಿಯಲ್ಲಿ ಅಂಥ ಒಂದು ಮಡಕೆ ಸಿಕ್ಕಿತು. ಮೈಸೂರು ಸೀಮೆಯ ಸಂಚಾರದಲ್ಲಿ ಆಗ ಇತ್ತ ಬಂದಿದ್ದ ಬುಕಾನನ್ನನಿಗೆ ಅದರೊಳಗಿನ ಕೆಲವು ಬೆಳ್ಳಿಯ ನಾಣ್ಯಗಳು ದೊರೆತವು. ಅಗಸ್ಟಸ್ ಮತ್ತು ಟೈಬೀರಿಯಸ್ ಚಕ್ರವರ್ತಿಗಳ ಮುದ್ರೆಯವು. ವೆಳ್ಳಲೂರಿನಲ್ಲಂತೂ 1842ರಿಂದ ಮೊದಲ್ಗೊಂಡು ಮತ್ತೆ ಮತ್ತೆ ಇಂಥ ನಿಧಿ ಹೊರಬಿದ್ದಿದೆ.

ಇಷ್ಟು ಬೆಳ್ಳಿಯನ್ನು ತೆತ್ತು ರೋಮಿನವರು ಕೊಂಡೊಯ್ದುದೇನು? ಮೆಣಸು ಎಂಬ ಉತ್ತರ ಎಲ್ಲರಿಗೂ ಗೊತ್ತು. ಇನ್ನೊಂದು ಉತ್ತರ ತಿರುಪ್ಪೂರು–ಕಾಂಗೇಯಂ ರಸ್ತೆಯ ಬದಿಯಲ್ಲಿರುವ ಪಡಿಯೂರು. ಇಲ್ಲಿ ದೊರೆಯುವ ಕಲ್ಲು ಬೆರಿಲ್. ಆಳವಾದ ಕಡಲಿನ ನೀರಿನಂತೆ ನೀಲಿ ಬೆರೆತ ಹಸಿರು. ಈಗ ನಾವು ನವರತ್ನಗಳಲ್ಲಿ ವೈಡೂರ್ಯವೆಂದರೆ ಬೆಕ್ಕಿನ ಕಣ್ಣಿನ ಕಲ್ಲೆಂದು ತಿಳಿಯುತ್ತೇವೆ. ಹಿಂದೆ ಆ ಹೆಸರು ಬೆರಿಲ್ಲಿನದಾಗಿತ್ತೆಂಬುದು ಅನೇಕ ವಿದ್ವಾಂಸರ ಅಭಿಪ್ರಾಯ. ಪ್ರಾಕೃತದ ‘ವೇಲುರಿಯ’ವೇ ಗ್ರೀಕರ ಬಾಯಲ್ಲಿ ‘ಬೆರಿಲೋಸ್’ ಆಯಿತು. ಜರ್ಮನರು ಕನ್ನಡಕಕ್ಕೆ ಹೇಳುವ ‘ಬ್ರಿಲ್ಲೆ’ ಎಂಬ ಮಾತೂ ಅದರಿಂದಲೇ ಬಂದುದು. ಅಂದರೆ ಬರ್ಲಿನ್ನಿನ ಅಜ್ಜನೊಬ್ಬನು ಕನ್ನಡಕವನ್ನು ಹುಡುಕುವಾಗ ತನಗರಿಯದೆ ನಮ್ಮ ಕಡೆಯ ಕಲ್ಲನ್ನು ನೆನೆಯುತ್ತಾನೆ!

ಕ್ರಿ.ಶ. 79ರಲ್ಲಿ ತೀರಿಕೊಂಡ ಪ್ಲಿನಿಯು ಈ ಕಲ್ಲು ಇಂಡಿಯವನ್ನು ಬಿಟ್ಟು ಬೇರೆಡೆ ಅಪರೂಪವೆಂದೂ, ಇಲ್ಲಿಯವರು ಅದಕ್ಕೆ ತೂತು ಕೊರೆದು ಆನೆಯ ಕೂದಲಿನಲ್ಲಿ ಪೋಣಿಸುವರೆಂದೂ, ಸ್ಫಟಿಕಕ್ಕೆ ಬಣ್ಣ ಕಟ್ಟಿ ನಕಲಿಯನ್ನೂ ಮಾಡುವರೆಂದೂ ಬರೆದಿಟ್ಟಿದ್ದಾನೆ. ಎರಡನೆಯ ಶತಮಾನದ ಟಾಲೆಮಿಯು ಬೆರಿಲ್ ದೊರೆಯುವ ಊರನ್ನು ‘ಪೌನ್ನಾಟ’ ಎಂದು ಕರೆದನು. ಇದು ಕಪಿಲಾ ನದಿಯ ಸೀಮೆಯಲ್ಲಿದ್ದ, ಮುಂದೆ ಗಂಗರ ರಾಜ್ಯದಲ್ಲಿ ಸೇರಿಹೋದ ಕನ್ನಡದ ಪುನ್ನಾಟವೆಂದು ಹಲವರ ಮತ. ಕಲ್ಲಿನ ಸಮೃದ್ಧಿಯನ್ನು ನೋಡಿದರೆ ಪಡಿಯೂರನ್ನು ಕಡೆಗಣಿಸಲಾಗದೆಂದು ಇನ್ನು ಕೆಲವರು. ನಮಗೆ ಈ ವ್ಯಾಜ್ಯದಲ್ಲಿ ಪಕ್ಷ ವಹಿಸುವ ಆತುರವಿಲ್ಲ. ಮನೆಯಲ್ಲಿ ಒಂದು ನುಡಿ, ಬೀದಿಯಲ್ಲಿ ಇನ್ನೊಂದು ನುಡಿ ಎಂದು ತಲೆಮಾರುಗಳಿಂದ ಬಾಳಿದವರಿಗೆ ಎರಡು ಊರುಗಳೂ ನಂಟರ ಊರುಗಳೇ.

ಪಡಿಯೂರಿನ ಗಣಿಯನ್ನು 1819–20ರಲ್ಲಿ ಹೀತ್ ಎಂಬ ಆಂಗ್ಲನು ತೋಡಿಸಿದಾಗ ಒಂದೇ ವರ್ಷದಲ್ಲಿ 2,196 ಕಲ್ಲುಗಳು ಬಂದುವು. ಬೆಲೆ 1,201 ಪೌಂಡು. ಹ್ಯಾಗರ್ಡನ ವೀರರು ಜೇಬು ತುಂಬ ವಜ್ರಗಳನ್ನು ಹೊತ್ತು ಪಾರಾಗುವುದಕ್ಕೆ ಅರವತ್ತೈದು ವರ್ಷ ಮೊದಲೇ ನಡೆದ ಸಂಗತಿಯಿದು. ಮಕ್ಕಳು ಗುಹೆಯನ್ನೂ ಕಲ್ಲಿನ ಬಾಗಿಲನ್ನೂ ನಿರೀಕ್ಷಿಸಿದ್ದರು. ಕಂಡದ್ದು ಬಯಲು ಹೊಲ. ಹೊಲದವರಾದ ಹಿರಿಯರೊಬ್ಬರು, ಮಳೆ ಬಂದು ಮಣ್ಣು ತೊಳೆದುಹೋದ ಮರುದಿನ ನೆಲವನ್ನೇ ನೋಡುತ್ತ ನಡೆಯಬೇಕೆಂದು ತಮಿಳಿನಲ್ಲಿ ತಿಳಿಸಿಕೊಟ್ಟರು. “ಅದೃಷ್ಟವಿದ್ದವರ ಕಾಲಿಗೆ ತಾಗುತ್ತದೆ, ಮಗು” ಎಂದರು. ನಮ್ಮ ಕಾಲಿಗೆ ತಾಗಿದ್ದು ನೆಗ್ಗಿಲು ಮುಳ್ಳು.

ಅಲ್ಲಿಂದ ಉತ್ತರಕ್ಕೆ, ನೊಯ್ಯಲಿನ ಆಚೆ ದಡದಲ್ಲಿ ಕೊಡುಮಣಲ್ ಇದೆ. ಹಿಂದೆ ಕೊಯಮತ್ತೂರು ಜಿಲ್ಲೆಯಲ್ಲಿದ್ದ ಈ ಹಳ್ಳಿ ಇಂದು ಈರೋಡು ಜಿಲ್ಲೆಗೆ ಸೇರಿದೆ. ಸಂಗಂ ಕಾಲದ ‘ಪದಿಟ್ರುಪ್ಪತ್ತು’ ಕೊಡುಮಣವೆಂಬ ಊರಿನ ಒಡವೆಗಳನ್ನು ಹೊಗಳುತ್ತದೆ. 1985ರಿಂದ ತಂಜಾವೂರಿನ ತಮಿಳು ವಿಶ್ವವಿದ್ಯಾನಿಲಯದವರು ನಡೆಸಿದ ಉತ್ಖನನದಲ್ಲಿ ಆ ಹೊಗಳಿಕೆ ಕೇವಲ ಕವಿಯ ಮಾತಲ್ಲವೆಂದು ತಿಳಿದುಬಂತು. ಮಣಿಗಳನ್ನು ಕೊರೆದು ನಯಗೊಳಿಸುತ್ತಿದ್ದ ಕಾರ್ಯಾಗಾರ, ಕಬ್ಬಿಣ ಮತ್ತು ಉಕ್ಕಿನ ಕುಲುಮೆಗಳು, ನೂಲುವ ಕದಿರಿಗೆ ತೊಡಿಸುವ ಮಣ್ಣಿನ ಬಿಲ್ಲೆಗಳು, ಹರಳು ಕೂಡಿಸಿದ ಕಂಚಿನ ಹುಲಿ, ಒಂದೇ ಸಮಾಧಿಯಲ್ಲಿ ಎರಡು ಸಾವಿರಕ್ಕೂ ಮಿಕ್ಕ ಕೆಂಪು ಕಾರ್ನೇಲಿಯನ್ ಮಣಿಗಳು. ಬೆರಿಲ್ ನೆರೆಯ ಪಡಿಯೂರಿನದು, ನೀಲ ಮತ್ತು ಕುರುಂದದ ಕಲ್ಲುಗಳು ಶಿವನ್‌ಮಲೈ ಕಡೆಯವು; ಕಾರ್ನೇಲಿಯನ್ ಗುಜರಾತಿನಿಂದಲೂ ಲಾಜವರ್ದ ಆಫ್ಘಾನಿಸ್ತಾನದಿಂದಲೂ ಬರಬೇಕಿತ್ತು. ಮಡಕೆಯ ಚೂರುಗಳ ಮೇಲೆ ಬ್ರಾಹ್ಮಿ ಲಿಪಿಯಲ್ಲಿ ಜನರ ಹೆಸರುಗಳಿವೆ. ತಮಿಳು ಹೆಸರುಗಳ ಜೊತೆಗೆ ಪ್ರಾಕೃತದವೂ ಇವೆ. ಆಗಲೂ ಬೇರೆ ಬೇರೆ ನುಡಿಯವರು ಒಂದೇ ಬೀದಿಯಲ್ಲಿ ಕಸುಬು ಮಾಡಿದ್ದರೆಂದು ನಮ್ಮ ನೇಕಾರ ಬಂಧುಗಳು ತಿಳಿದರೆ ಸಂತೋಷಪಟ್ಟಾರು.

ಇಲ್ಲಿ ಹ್ಯಾಗರ್ಡನ ಮೇಲಿನ ನಮ್ಮ ಆಕ್ಷೇಪವನ್ನು ಹೇಳಲೇಬೇಕು. ಅವನ ಕಥೆಯಲ್ಲಿ ರಸ್ತೆಯನ್ನೂ ಗಣಿಯನ್ನೂ ಮಾಡಿದವರು ಕುಕುವಾನರಲ್ಲ. ಎಂದೋ ಬಂದುಹೋದ ಯಾರೋ ಪರಕೀಯರು. ಜಿಂಬಾಬ್ವೆಯ ಕಲ್ಲಿನ ಕೋಟೆಯನ್ನು 1871ರಲ್ಲಿ ಕಂಡ ಕಾರ್ಲ್ ಮೌಖ್ ಅದಕ್ಕೆ ಷೀಬಾ ರಾಣಿಯ ನಂಟು ಕಲ್ಪಿಸಿದನು. ಅದು ಆಫ್ರಿಕದವರದೇ ಕೆಲಸವೆಂದು 1905ರಲ್ಲಿ ರ‍್ಯಾಂಡಲ್ ಮ್ಯಾಕೈವರ್, 1929ರಲ್ಲಿ ಕೇಟನ್ ಥಾಮ್ಸನ್ ಎಂಬ ವಿದುಷಿ ತೋರಿಸಿಕೊಟ್ಟರೂ ಬಹುಕಾಲ ಒಪ್ಪದವರಿದ್ದರು. ನಾವೂ ಈ ವಿಷಯದಲ್ಲಿ ಸಾಚಾಗಳಲ್ಲ. ದುಂಡನೆಯ ತೂತಿರುವ ಚಪ್ಪಡಿಗಳ ಸಮಾಧಿಗಳನ್ನು ಇಲ್ಲಿ ‘ಪಾಂಡು ಕುಳಿ’ ಎಂದೂ, ಕರ್ನಾಟಕದ ಹಿರೇಬೆಣಕಲ್ಲಿನಲ್ಲಿ ‘ಮೋರಿಯರ ಮನೆ’ ಎಂದೂ ಕರೆದು, ಅಳಿದುಹೋದ ಕುಳ್ಳ ಜನಾಂಗದ ಕಥೆ ಹೇಳಿಕೊಂಡು ಬಂದಿದ್ದೇವೆ. ಅಳಿದವರು ಯಾರೂ ಇಲ್ಲ. ಕಾಂಗೇಯಂ ಸೀಮೆಯಲ್ಲಿ ಇಂದಿಗೂ ಹರಳು ಉಜ್ಜುವ ಕಸುಬಿನವರಿದ್ದಾರೆ. ನೂಲಿನವರ ಮಾತು ಹೇಳಬೇಕಾದುದೇ ಇಲ್ಲ.

ಕಳೆದುಹೋದದ್ದು ಹೊಳೆ. ತಿರುಪ್ಪೂರಿನ ಬಣ್ಣದ ನೀರು ಒರತ್ತುಪ್ಪಾಳ್ಯಂ ಅಣೆಕಟ್ಟಿನಲ್ಲಿ ನಿಂತು, ಕೆಳಗಿನ ಬಾವಿಗಳೂ ಹೊಲಗಳೂ ಉಪ್ಪಾದುವು. 2011ರ ಜನವರಿಯಲ್ಲಿ ಮದರಾಸು ಉಚ್ಚ ನ್ಯಾಯಾಲಯವು ಬಣ್ಣದ ಘಟಕಗಳನ್ನೇ ಮುಚ್ಚಿಸುವ ಆಜ್ಞೆ ಮಾಡಬೇಕಾಯಿತು. ಆ ಬಣ್ಣದಿಂದ ಅನ್ನ ಕಂಡವರಲ್ಲಿ ಈ ಪತ್ರಿಕೆಯ ಓದುಗರೂ ಇದ್ದಾರೆ. ಬಾವಿ ಕೆಟ್ಟವರೂ ಇದ್ದಾರೆ. ಕೊಡುಮಣಲಿನ ದಡದಲ್ಲಿ ಬುತ್ತಿ ಬಿಚ್ಚಿದಾಗ ಕೈ ತೊಳೆಯಲು ಹೊಳೆಗೆ ಇಳಿಯಹೊರಟ ಮಕ್ಕಳನ್ನು ತಡೆದು, ಮನೆಯಿಂದ ತಂದಿದ್ದ ತಂಬಿಗೆಯ ನೀರನ್ನೇ ಕೊಟ್ಟೆವು.

ಹೋಗಬಯಸುವವರು ಮಾರ್ಗಳಿ, ತೈ ತಿಂಗಳುಗಳಲ್ಲಿ ಹೋಗುವುದು ಲೇಸು, ಬಿಸಿಲು ಹಿತವಾಗಿರುತ್ತದೆ. ಕೊಡುಮಣಲಿನಲ್ಲಿ ನೆಲದ ಮೇಲೆ ಬಿದ್ದಿರುವ ಕಪ್ಪು-ಕೆಂಪು ಮಡಕೆಯ ಚೂರುಗಳನ್ನು ಮಕ್ಕಳು ಜೇಬಿಗೆ ಹಾಕಿಕೊಳ್ಳದಂತೆ ಸ್ವಲ್ಪ ನಿಗಾ ಇರಲಿ. ನಮ್ಮ ಕಿರಿಯವಳ ಜೇಬಿನಿಂದ ನಾಲ್ಕನ್ನು ತೆಗೆಸಿ, ಇದ್ದಲ್ಲಿಯೇ ಇಡಿಸಿ ಬಂದೆವು.