ಹಾಸಿಗೆಯ ನಾಲ್ಕು ಮೂಲೆಗಳು



ಕಳೆದ ಭಾನುವಾರ ಧರ್ಮೋಪದೇಶದ ತರಗತಿಯಿಂದ ಬಂದ ಮೊಮ್ಮಗಳು ಚಪ್ಪಲಿ ಕಳಚುವ ಮೊದಲೇ ನನಗೊಂದು ಪ್ರಶ್ನೆ ಹಾಕಿದಳು. "ತಾತಾ, ಯೇಸುಸ್ವಾಮಿ ಇದ್ದ ಮನೆಯ ಛಾವಣಿ ಕಿತ್ತುಹಾಕಿದರಲ್ಲ, ಆಮೇಲೆ ಅದನ್ನ ರಿಪೇರಿ ಮಾಡಿಸಿದ್ದು ಯಾರು?" ಮೂವತ್ತೈದು ವರ್ಷ ಮಕ್ಕಳಿಗೆ ಪ್ರಶ್ನೆ ಕೇಳಿದವನಿಗೆ ಆ ಕ್ಷಣದಲ್ಲಿ ಉತ್ತರ ಹೊಳೆಯಲಿಲ್ಲ. ನಕ್ಕು, "ನಾಳೆ ಹೇಳ್ತೀನಮ್ಮ" ಎಂದು ನುಣುಚಿಕೊಂಡೆ. ಆದರೆ ಆ ಕಥೆ ಮಾತ್ರ ರಾತ್ರಿಯೆಲ್ಲ ನನ್ನನ್ನು ಬಿಡಲಿಲ್ಲ. ಅದಕ್ಕೆ ಕಾರಣವಿದೆ. ಅದನ್ನು ಇಷ್ಟು ವರ್ಷ ಯಾರಿಗೂ ವಿವರವಾಗಿ ಹೇಳಿರಲಿಲ್ಲ. ಇಂದು ಬರೆದುಬಿಡುತ್ತೇನೆ.

ಕಥೆ ನಿಮ್ಮಲ್ಲಿ ಹಲವರಿಗೆ ತಿಳಿದಿರಬಹುದು. ತಿಳಿಯದವರಿಗಾಗಿ ನಾಲ್ಕು ಮಾತು. ಮಾರ್ಕನ ಶುಭಸಂದೇಶದ ಎರಡನೆಯ ಅಧ್ಯಾಯದ ಆರಂಭದಲ್ಲಿಯೇ ಇದು ಬರುತ್ತದೆ. ಮತ್ತಾಯ, ಲೂಕರಲ್ಲಿಯೂ ಇದೆ. ಯೇಸು ಕಫೆರ್ನವುಮಿನ ಒಂದು ಮನೆಯಲ್ಲಿದ್ದಾರೆ. ಬಾಗಿಲಿನ ಹೊರಗೂ ಕಾಲಿಡಲು ಜಾಗವಿಲ್ಲದಷ್ಟು ಜನ. ಆಗ ನಾಲ್ವರು ಒಬ್ಬ ಪಾರ್ಶ್ವವಾಯು ಪೀಡಿತನನ್ನು ಹಾಸಿಗೆಯ ಸಮೇತ ಹೊತ್ತು ತರುತ್ತಾರೆ. ಒಳಗೆ ಹೋಗಲು ದಾರಿಯಿಲ್ಲ. ಛಾವಣಿ ಹತ್ತುತ್ತಾರೆ, ಅದನ್ನು ಬಗೆದು ತೆರೆಯುತ್ತಾರೆ, ರೋಗಿಯನ್ನು ನೇರವಾಗಿ ಯೇಸುವಿನ ಎದುರಿಗೆ ಇಳಿಬಿಡುತ್ತಾರೆ. ಯೇಸು ಮೊದಲು ಆತನ ಪಾಪಗಳಿಗೆ ಕ್ಷಮೆ ಸಾರುತ್ತಾರೆ. ಶಾಸ್ತ್ರಿಗಳು ಮನಸ್ಸಿನಲ್ಲೇ ಆಕ್ಷೇಪಿಸುತ್ತಾರೆ. ಬಳಿಕ ಆತ ಎದ್ದು, ತನ್ನ ಹಾಸಿಗೆಯನ್ನು ತಾನೇ ಎತ್ತಿಕೊಂಡು ಹೊರನಡೆಯುತ್ತಾನೆ.

ಕನ್ನಡ ಮೇಷ್ಟ್ರಾದ ನನಗೆ ಇಲ್ಲಿ ಒಂದು ವಿವರ ಬಹಳ ಇಷ್ಟ. ಮಾರ್ಕನ ಪ್ರಕಾರ ಅವರು ಛಾವಣಿಯನ್ನು ಅಗೆದರು. ಅಂದರೆ ತೊಲೆ, ಕಡ್ಡಿಗಳ ಮೇಲೆ ಮಣ್ಣು ಮೆತ್ತಿದ, ನಮ್ಮ ಬಯಲುಸೀಮೆಯ ಮಾಳಿಗೆ ಮನೆಯಂಥದು. ಅದೇ ಘಟನೆಯನ್ನು ಲೂಕ ಬರೆಯುವಾಗ ಹೆಂಚುಗಳು ಕಾಣಿಸಿಕೊಳ್ಳುತ್ತವೆ. ಗ್ರೀಕ್ ಬಲ್ಲ ಪಟ್ಟಣದ ಓದುಗರಿಗೆ ಮಣ್ಣಿನ ಮಾಳಿಗೆ ಅರ್ಥವಾಗದೆಂದು ಲೂಕ ಅದನ್ನು ಹೆಂಚಿನ ಮನೆಯಾಗಿಸಿದನೆಂದು ವಿದ್ವಾಂಸರು ಹೇಳುತ್ತಾರೆ. ಪಾಠ ಮಾಡುವವನು ಕೇಳುವವರ ಮನೆಯ ಮಾಡನ್ನು ತಿಳಿದಿರಬೇಕೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆಯನ್ನು ಬಿ.ಎಡ್. ತರಗತಿಯಲ್ಲಿಯೂ ನನಗೆ ಯಾರೂ ಕೊಡಲಿಲ್ಲ. 1862ರಲ್ಲಿ ಕಿಟೆಲ್ ಅವರು ಕ್ರಿಸ್ತನ ಚರಿತೆಯನ್ನು 'ಕಥಾಮಾಲೆ' ಎಂಬ ಹೆಸರಿನಲ್ಲಿ ಕನ್ನಡ ಛಂದಸ್ಸಿಗೆ ತಂದಾಗ ಮಾಡಿದ್ದೂ ಇದನ್ನೇ ಅಲ್ಲವೇ!

ಇನ್ನು ನನ್ನ ಕಥೆ.

ಅದು 1987. ನಾನು ಕೆಲಸಕ್ಕೆ ಸೇರಿ ಮೂರು ವರ್ಷವಾಗಿತ್ತು. ಆಗಿನ ಆನೇಕಲ್ಲನ್ನು ಈಗಿನ ಮಕ್ಕಳು ಊಹಿಸಿಕೊಳ್ಳಲಾರರು. ಎಲೆಕ್ಟ್ರಾನಿಕ್ ಸಿಟಿ 1978ರಲ್ಲೇ ಆರಂಭವಾಗಿತ್ತಾದರೂ ಅದರ ಗಾಳಿ ಇನ್ನೂ ನಮ್ಮ ಕಡೆಗೆ ಬೀಸಿರಲಿಲ್ಲ. ಊರಿನ ಸುತ್ತ ರಾಗಿಹೊಲಗಳು. ನೇಕಾರರ ಬೀದಿಗೆ ಕಾಲಿಟ್ಟರೆ ಬೆಳಗಿನಿಂದ ರಾತ್ರಿಯವರೆಗೆ ರೇಷ್ಮೆಮಗ್ಗಗಳ ಲಟಪಟ ಸದ್ದು. ಆ ಬೀದಿಯಿಂದ ಒಬ್ಬ ಹುಡುಗ ನನ್ನ ಒಂಬತ್ತನೆಯ ತರಗತಿಗೆ ಬರುತ್ತಿದ್ದ. ಹೆಸರು ಬೇಡ, ಆ ತಂಡದವರಿಗೆ ತಾನಾಗಿಯೇ ತಿಳಿಯುತ್ತದೆ. ಎರಡು ವರ್ಷದವನಿದ್ದಾಗ ಪೋಲಿಯೋ ಬಂದು ಅವನ ಎರಡೂ ಕಾಲುಗಳು ಕೃಶವಾಗಿದ್ದವು. ಸಮತಟ್ಟಾದ ನೆಲದಲ್ಲಿ ಕೋಲೂರಿಕೊಂಡು ಹೇಗೋ ನಡೆಯುತ್ತಿದ್ದ. ಮೆಟ್ಟಿಲು ಹತ್ತುವುದು ಅವನಿಂದಾಗದ ಮಾತು. ನಮ್ಮ ತರಗತಿಯಿದ್ದುದು ಮಹಡಿಯ ಮೇಲೆ.

ಅವನನ್ನು ನಾಲ್ವರು ಗೆಳೆಯರು ಕರೆತರುತ್ತಿದ್ದರು. ಇಬ್ಬರು ಅದೇ ಬೀದಿಯ ನೇಕಾರರ ಮಕ್ಕಳು, ಒಬ್ಬ ಮುಸಲ್ಮಾನರ ಹುಡುಗ, ಇನ್ನೊಬ್ಬ ಪಕ್ಕದ ಹಳ್ಳಿಯಿಂದ ನಡೆದುಬರುವ ರೈತನ ಮಗ. ಒಂದು ಹಳೆಯ ಸೈಕಲ್ಲಿನ ಕ್ಯಾರಿಯರಿನ ಮೇಲೆ ಅವನನ್ನು ಕೂರಿಸಿ, ಒಬ್ಬ ಹ್ಯಾಂಡಲ್ ಹಿಡಿದು, ಇಬ್ಬರು ಅಕ್ಕಪಕ್ಕದಲ್ಲಿ ಆಧಾರವಾಗಿ, ಮತ್ತೊಬ್ಬ ಐದು ಜನರ ಪುಸ್ತಕದ ಚೀಲಗಳನ್ನು ಹೊತ್ತು ಬರುತ್ತಿದ್ದರು. ಶಾಲೆ ತಲುಪಿದ ಮೇಲೆ ಇಬ್ಬರು ಕೈಗೆ ಕೈ ಹೆಣೆದು ಪೀಠ ಮಾಡಿ, ಅದರ ಮೇಲೆ ಅವನನ್ನು ಕೂರಿಸಿ ಮೆಟ್ಟಿಲು ಹತ್ತಿಸುತ್ತಿದ್ದರು. ನೇಕಾರರ ಹುಡುಗರು ಬೆಳಗ್ಗೆ ಕಂಡಿಕೆ ಸುತ್ತಿಕೊಟ್ಟೇ ಹೊರಡಬೇಕಿತ್ತು. ಹೀಗಾಗಿ ಐವರೂ ವಾರದಲ್ಲಿ ಮೂರು ನಾಲ್ಕು ದಿನ ಹತ್ತು ನಿಮಿಷ ತಡ. ಮೊದಲ ಅವಧಿ ನನ್ನದು.

ನಾನು ಆಗ ಶಿಸ್ತಿನ ಮನುಷ್ಯ. ಹಾಜರಿ ಕರೆದ ಮೇಲೆ ಬಂದವರು ಆ ಅವಧಿ ಮುಗಿಯುವವರೆಗೆ ಬಾಗಿಲ ಹೊರಗೆ ನಿಲ್ಲಬೇಕು. ಇದು ಶಾಲೆಯ ನಿಯಮವಲ್ಲ, ನಾನೇ ಮಾಡಿಕೊಂಡದ್ದು. ಆ ಹುಡುಗನಿಗೆ ಮಾತ್ರ ವಿನಾಯಿತಿ ಕೊಟ್ಟಿದ್ದೆ. "ನೀನು ಒಳಗೆ ಬಾ, ಉಳಿದ ನಾಲ್ವರು ಹೊರಗೆ" ಎನ್ನುತ್ತಿದ್ದೆ. ಅದನ್ನು ನನ್ನ ದೊಡ್ಡ ಕರುಣೆಯೆಂದೇ ಭಾವಿಸಿದ್ದೆ. ಡಿಸೆಂಬರ್ ಮೊದಲ ವಾರದ ಒಂದು ದಿನ ಆ ಹುಡುಗ ಬಾಗಿಲಲ್ಲೇ ತಡೆದು ಹೇಳಿದ: "ಸಾರ್, ನಾನೂ ಹೊರಗೇ ನಿಂತ್ಕೋತೀನಿ."

ನಿಲ್ಲಲು ಅವನಿಗೆ ಆಗುತ್ತಿರಲಿಲ್ಲ ಎಂಬುದು ಅವನಿಗೂ ಗೊತ್ತು, ನನಗೂ ಗೊತ್ತು. ಇಡೀ ತರಗತಿ ನನ್ನ ಮುಖವನ್ನೇ ನೋಡುತ್ತಿತ್ತು. ಸೋಲಬಾರದೆಂಬ ಹಠ ನನ್ನದು. "ನಿನ್ನಿಷ್ಟ" ಎಂದು ಹಲಗೆಯ ಕಡೆ ತಿರುಗಿದೆ. ನಲವತ್ತು ನಿಮಿಷ ಅವನು ಬಾಗಿಲ ಚೌಕಟ್ಟನ್ನು ಹಿಡಿದು ನಿಂತಿದ್ದ. ಅವನ ಎರಡೂ ಬದಿಗೆ ಆ ಹುಡುಗರು ಹೆಗಲು ಕೊಟ್ಟಿದ್ದರು. ಅಂದು ನಾನು ಏನು ಪಾಠ ಮಾಡಿದೆನೋ ನೆನಪಿಲ್ಲ.

ಡಿಸೆಂಬರ್ 7, ಸೋಮವಾರ. ಆಗಮನ ಕಾಲದ ಎರಡನೆಯ ವಾರ. ಶಾಲೆಗೆ ಹೋಗುವ ಮುನ್ನ ಬೆಳಗಿನ ಬಲಿಪೂಜೆಗೆ ಹೋಗಿದ್ದೆ. ಪ್ರತಿವರ್ಷವೂ ಆ ಸೋಮವಾರದಂದು ಓದುವುದು ಲೂಕನ ಐದನೆಯ ಅಧ್ಯಾಯದ ಇದೇ ಪ್ರಸಂಗ. ಹಿಂದೆ ಎಷ್ಟೋ ಸಲ ಕೇಳಿದ್ದೆ. ಕೇಳುವಾಗಲೆಲ್ಲ ನಾನು ಯಾರೆಂದುಕೊಳ್ಳುತ್ತಿದ್ದೆ? ಕೆಲವೊಮ್ಮೆ ರೋಗಿ, ಅಹಂಕಾರ ಬಂದಾಗ ಹೊತ್ತುತಂದವರಲ್ಲಿ ಒಬ್ಬ. ಅಂದು ಮಾತ್ರ ಬಾಗಿಲು ಎಂಬ ಮಾತು ಮನಸ್ಸಿಗೆ ಬಂದೊಡನೆ ನನ್ನ ಜಾಗ ನನಗೆ ಕಂಡಿತು. ಆ ಕಥೆಯಲ್ಲಿ ದಾರಿಗೆ ಅಡ್ಡ ನಿಂತವರು ದುಷ್ಟರಲ್ಲ. ದೇವರ ವಾಕ್ಯವನ್ನು ಕೇಳಲು ಮುಂಚಿತವಾಗಿ, ಸರಿಯಾದ ಸಮಯಕ್ಕೆ ಬಂದ ಭಕ್ತರು. ಅವರಲ್ಲಿ ಯಾರೂ ಹಿಂತಿರುಗಿ ನೋಡಲಿಲ್ಲ. ನಾನು ಅವರಲ್ಲೊಬ್ಬನಾಗಿದ್ದೆ.

ಇನ್ನೊಂದು ಮಾತು ಅದಕ್ಕಿಂತ ಆಳವಾಗಿ ನಾಟಿತು. ಯೇಸು ಕಂಡದ್ದು ಯಾರ ವಿಶ್ವಾಸವನ್ನು? ರೋಗಿಯದನ್ನು ಎಂದು ಬರೆದಿಲ್ಲ. ಅವರ ವಿಶ್ವಾಸವನ್ನು ಎಂದು ಬಹುವಚನದಲ್ಲಿದೆ. ವಿಶ್ವಾಸವೆಂದರೆ ಎದೆಯೊಳಗಿನ ಸಂಗತಿ, ಅದನ್ನು ಕಾಣುವುದು ಹೇಗೆ? ಆ ನಾಲ್ವರು ಒಂದು ಪ್ರಾರ್ಥನೆಯನ್ನೂ ಹೇಳಲಿಲ್ಲ, ಬಾಯಿಬಿಟ್ಟು ಏನನ್ನೂ ಬೇಡಲಿಲ್ಲ. ಅವರ ಕೈಯ ಮಣ್ಣು, ಬೆವರು, ಕಿತ್ತುಹೋದ ಛಾವಣಿ, ಇವಿಷ್ಟೇ ಕಣ್ಣಿಗೆ ಕಂಡದ್ದು. ಅದೇ ವಿಶ್ವಾಸ. ಅಂಥ ನಾಲ್ವರನ್ನು ನಾನು ತಡವಾಗಿ ಬಂದವರೆಂದು ಹೊರಗೆ ನಿಲ್ಲಿಸಿದ್ದೆ.

ಅಂದು ನಾನು ಮಾಡಿದ್ದು ಬಹಳ ಸಣ್ಣ ಕೆಲಸ. ಮುಖ್ಯೋಪಾಧ್ಯಾಯರನ್ನು ಕೇಳಿಕೊಂಡು ನಮ್ಮ ತರಗತಿಯನ್ನು ಕೆಳಗಿನ ಕೊಠಡಿಗೆ ಬದಲಾಯಿಸಿಕೊಂಡೆ. ಎರಡು ದಿನದಲ್ಲಿ ಆಗಿಹೋಯಿತು. ಮೊದಲೇ ಯಾರಿಗೂ ಹೊಳೆದಿರಲಿಲ್ಲ, ಹೊಳೆಯಬೇಕಾಗಿದ್ದುದು ನನಗೆ. ಹಾಜರಿಯನ್ನು ಅವಧಿಯ ಕೊನೆಗೆ ಕರೆಯತೊಡಗಿದೆ. ಆದರೆ ಆ ಹುಡುಗರ ಬಳಿ ತಪ್ಪಾಯಿತೆಂದು ಹೇಳಲಿಲ್ಲ. ಮೇಷ್ಟ್ರು ಮಕ್ಕಳ ಕ್ಷಮೆ ಕೇಳುವ ಪದ್ಧತಿ ಇರಲಿಲ್ಲವೆಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಆ ಸಮಾಧಾನ ಇಪ್ಪತ್ತಾರು ವರ್ಷ ನಡೆಯಿತು. 2014ರ ಮಾರ್ಚ್ 27ರಂದು ಭಾರತ ಪೋಲಿಯೋಮುಕ್ತವೆಂಬ ಪ್ರಮಾಣಪತ್ರ ದೊರೆಯಿತು. ಕೊನೆಯ ಪ್ರಕರಣ 2011ರ ಜನವರಿಯಲ್ಲಿ ಪಶ್ಚಿಮ ಬಂಗಾಳದಲ್ಲಿ ಕಂಡುಬಂದಿತ್ತು. ಆಮೇಲೆ ಮೂರು ವರ್ಷ ಒಂದೂ ಇಲ್ಲ. ಪತ್ರಿಕೆಯಲ್ಲಿ ಓದಿದ ದಿನ ಆ ಹುಡುಗನ ನೆನಪು ಉಕ್ಕಿಬಂತು. ವಿಚಾರಿಸಿಕೊಂಡು ಹೋದೆ. ಚಂದಾಪುರದಲ್ಲಿ ಮೊಬೈಲ್ ದುರಸ್ತಿಯ ಪುಟ್ಟ ಅಂಗಡಿ. ಎದುರಿಗೆ ಅಕ್ಕಪಕ್ಕ ಚಕ್ರ ಕಟ್ಟಿಸಿದ ಸ್ಕೂಟರ್. ಕಾಫಿ ತರಿಸಿದ. ಕುಡಿದು ಮುಗಿಸಿದ ಮೇಲೆ, ಬಾಗಿಲ ಹೊರಗೆ ನಿಲ್ಲಿಸಿದ ಆ ದಿನದ ಮಾತೆತ್ತಿ, ತಪ್ಪಾಯಿತಪ್ಪ ಎಂದೆ.

ಅವನು ಜೋರಾಗಿ ನಕ್ಕುಬಿಟ್ಟ. "ಅಯ್ಯೋ ಸಾರ್, ಅವರು ನನ್ನ ಹೊತ್ತಿದ್ದು ಪುಕ್ಕಟೆ ಅಲ್ಲ. ಲೆಕ್ಕದ ಹೋಂವರ್ಕ್ ನಂದೇ ನೋಡಿ ಬರ್ಕೋತಿದ್ರು. ನೀವು ಕೊಠಡಿ ಕೆಳಗೆ ತಂದಿರಲ್ಲ, ಆಮೇಲೆ ಮೆಟ್ಟಿಲು ಹತ್ತೋ ಮಜಾನೇ ಹೋಯ್ತು ನಮಗೆ!" ಸ್ವಲ್ಪ ಹೊತ್ತು ಸುಮ್ಮನಿದ್ದು, ಸ್ಕ್ರೂಡ್ರೈವರ್ ತಿರುಗಿಸುತ್ತ, "ಆವತ್ತು ಕಾಲು ಬಹಳ ನೋಯ್ತು ಸಾರ್" ಎಂದ. ಎರಡೂ ನಿಜವೇ. ಎರಡನ್ನೂ ಅವನು ಬಾಯಿಬಿಟ್ಟು ಹೇಳಿದ್ದರಿಂದ ನನ್ನ ಭಾರ ಇಳಿಯಿತು. ಯೇಸು ರೋಗಿಯ ಕಾಲಿಗಿಂತ ಮೊದಲು ಕ್ಷಮೆಯ ಮಾತೆತ್ತಿದ್ದು ಏಕೆಂದು ನನಗೆ ಅರ್ಥವಾದದ್ದು ಆ ಅಂಗಡಿಯ ಸ್ಟೂಲಿನ ಮೇಲೆ. ಅವನ ಕಾಲುಗಳು ವಾಸಿಯಾಗಲಿಲ್ಲ. ಎದ್ದು ನಡೆದವನು ನಾನು.

ಹೊರಡುವಾಗ ಇನ್ನೊಂದು ವಿಷಯ ತಿಳಿಯಿತು. 1995ರಲ್ಲಿ ದೇಶದಲ್ಲಿ ಪಲ್ಸ್ ಪೋಲಿಯೋ ಆರಂಭವಾದ ಮೇಲೆ, ಹನಿ ಹಾಕುವ ಭಾನುವಾರಗಳಂದು ಅವನು ತನ್ನ ಬೀದಿಯ ಮನೆಮನೆಗೆ ಹೋಗುತ್ತಿದ್ದನಂತೆ. ಹಿಂಜರಿಯುವ ತಾಯಂದಿರಿಗೆ ಭಾಷಣ ಮಾಡುತ್ತಿರಲಿಲ್ಲ. ತನ್ನ ಕಾಲು ತೋರಿಸುತ್ತಿದ್ದ. ಸ್ಕೂಟರ್ ಬಂದ ಮೇಲೆ ಮಕ್ಕಳನ್ನೂ ತಾಯಂದಿರನ್ನೂ ಕೂರಿಸಿಕೊಂಡು ಬೂತಿಗೆ ಬಿಡುತ್ತಿದ್ದ. ಇನ್ನೊಬ್ಬರು ಹೊತ್ತು ತಂದವನು ತಾನೇ ಹೊರುವವನಾಗಿದ್ದ. 19ನೆಯ ಶತಮಾನದ ಆರಂಭದಲ್ಲಿ ನಮ್ಮ ಮೈಸೂರು ಸೀಮೆಯಲ್ಲಿ ಫ್ರೆಂಚ್ ಪಾದ್ರಿ ಅಬ್ಬೆ ದುಬೊಯಿ ಅವರು ಊರೂರು ತಿರುಗಿ ಸಿಡುಬಿನ ಲಸಿಕೆ ಹಾಕಿಸಿದ್ದನ್ನು ಓದಿದ್ದೆ. ಪವಾಡವೆಂದರೆ ಒಬ್ಬನು ಎದ್ದು ನಿಲ್ಲುವುದಷ್ಟೇ ಅಲ್ಲ, ಸಾವಿರ ಮಕ್ಕಳು ಮಲಗದಂತೆ ನೋಡಿಕೊಳ್ಳುವುದೂ ಅದರ ಬಳಗವೇ ಎಂದು ನನ್ನ ಅಲ್ಪಮತಿಗೆ ತೋರುತ್ತದೆ.

ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಈ ಕಥೆ ನನ್ನನ್ನು ಇನ್ನೊಮ್ಮೆ ಹುಡುಕಿಕೊಂಡು ಬಂತು.

ನಮ್ಮ ಊರುಗಳಲ್ಲಿ ನಾಲ್ಕು ಜನರ ಹೆಗಲು ಎಂದರೆ ಕೊನೆಯ ಯಾತ್ರೆಯೆಂದೇ ಅರ್ಥ. 2021ರ ಮೇ ತಿಂಗಳಲ್ಲಿ ನಿಮ್ಮ ಅಮ್ಮ, ಅತ್ತೆ, ದೊಡ್ಡಮ್ಮ, ಟೀಚರಮ್ಮ ಎಂದೆಲ್ಲ ನೀವು ಕರೆಯುತ್ತಿದ್ದ ನನ್ನಾಕೆ ಕೊರೊನಾದಿಂದ ತೀರಿಕೊಂಡಾಗ ಮನೆಯವರ ಹೆಗಲಿಗೆ ಆ ಭಾಗ್ಯವೂ ಇರಲಿಲ್ಲ. ಬಿಳಿಯ ರಕ್ಷಾಕವಚ ತೊಟ್ಟ ನಾಲ್ವರು ಸ್ವಯಂಸೇವಕರು ಆಕೆಯನ್ನು ಹೊತ್ತರು. ಅವರ ಮುಖ ಕಾಣಲಿಲ್ಲ. ಹೆಸರು, ಜಾತಿ, ಮತ ಒಂದೂ ತಿಳಿಯದು. ಕಫೆರ್ನವುಮಿನ ನಾಲ್ವರ ಹೆಸರನ್ನೂ ಯಾರೂ ಬರೆದಿಟ್ಟಿಲ್ಲ.

ಆಮೇಲೆ ನನಗೆ ಪ್ರಾರ್ಥನೆ ಬರಲಿಲ್ಲ. ದೇವಾಲಯದ ಬಾಗಿಲು ಮುಚ್ಚಿತ್ತು. ತೆರೆದ ಮೇಲೂ ನಾನು ಹೋಗಲಿಲ್ಲ. ಆಕೆಗಾಗಿ ನಾವೂ ಛಾವಣಿ ಬಗೆದಿದ್ದೆವು. ಹಾಸಿಗೆ ಮರಳಿ ಬರಲಿಲ್ಲ. ಈ ಪ್ರಶ್ನೆಗೆ ಉತ್ತರವಿದೆಯೆಂದು ಹೇಳಿ ನಿಮಗೆ ಸುಳ್ಳು ಪಾಠ ಮಾಡಲಾರೆ. ನಡೆದದ್ದನ್ನಷ್ಟೇ ಹೇಳುತ್ತೇನೆ. ನನ್ನ ತಂಗಿ ಪ್ರತಿರಾತ್ರಿ ಎಂಟು ಗಂಟೆಗೆ ಫೋನ್ ಮಾಡಿ, "ಅಣ್ಣ, ನೀನು ಏನೂ ಹೇಳಬೇಡ, ಸುಮ್ಮನೆ ಕೇಳಿಸ್ಕೋ" ಎಂದು ಜಪಸರ ಹೇಳುತ್ತಿದ್ದಳು. ಆ ಮುಸಲ್ಮಾನರ ಹುಡುಗ, ಈಗ ಮೊಮ್ಮಕ್ಕಳಾಗಿರುವ ಗೃಹಸ್ಥ, ವಾರಕ್ಕೊಮ್ಮೆ ಗೇಟಿನ ಹೊರಗೆ ನಿಂತು ತರಕಾರಿ ಚೀಲ ಇಟ್ಟು, "ದುವಾದಲ್ಲಿ ನೆನೆಸ್ಕೋತೀನಿ ಸಾರ್" ಎಂದು ಹೋಗುತ್ತಿದ್ದ. ಮಗಳು ಅಡುಗೆ ಮಾಡಿ ಊಟಕ್ಕೆ ಎಬ್ಬಿಸುತ್ತಿದ್ದಳು. ಅಂಗಡಿಯ ಆ ಹುಡುಗ ದಿನಕ್ಕೊಂದು ನಗೆಚಟಾಕಿಯನ್ನು ಮೊಬೈಲಿಗೆ ಕಳಿಸುತ್ತಿದ್ದ. ಒಂದು ರಾತ್ರಿ ಎಣಿಸಿ ನೋಡಿದೆ: ಸರಿಯಾಗಿ ನಾಲ್ವರು. ಹಾಸಿಗೆಯ ಮೇಲಿದ್ದುದು ನನ್ನ ವಿಶ್ವಾಸ. ಎಂಟು ತಿಂಗಳ ನಂತರ ನಾನೇ ಎದ್ದು ಪೂಜೆಗೆ ಹೋದೆ. ನನ್ನ ವಿಶ್ವಾಸದ ಬಲದಿಂದಲ್ಲ, ಅವರದರಿಂದ.

ವಿಶ್ವಾಸವನ್ನು ನಾವು ಪರೀಕ್ಷೆಯ ಅಂಕದಂತೆ ಒಬ್ಬೊಬ್ಬರ ಹೆಸರಿನ ಮುಂದೆ ಬರೆದುಕೊಳ್ಳುತ್ತೇವೆ. ಅದು ಹಾಗಲ್ಲವೆಂದು ಈಗ ನಂಬಿದ್ದೇನೆ. ನಿಮ್ಮಲ್ಲಿ ಯಾರಿಗಾದರೂ ಇಂದು ದೇವರನ್ನು ನಂಬುವ ಶಕ್ತಿ ಇಲ್ಲವಾಗಿದ್ದರೆ ಅಂಜಬೇಡಿ. ಒಂದಷ್ಟು ದಿನ ಮಲಗಿರಿ, ಇತರರು ಹೊರಲಿ. ಶಕ್ತಿ ಇರುವವರು ಯಾರ ಹಾಸಿಗೆಯ ಯಾವ ಮೂಲೆ ಖಾಲಿಯಿದೆಯೆಂದು ನೋಡಿ. ಬಾಗಿಲಲ್ಲಿ ನಿಂತಿರುವವರು ಆಗಾಗ ಹಿಂತಿರುಗಿ ನೋಡಿ.

ಇನ್ನು ಮೊಮ್ಮಗಳ ಪ್ರಶ್ನೆ. ಮರುದಿನ ಅವಳಿಗೆ ಹೇಳಿದೆ: "ಪುಸ್ತಕದಲ್ಲಿ ಬರೆದಿಲ್ಲ ಕಣಮ್ಮ. ಆದ್ರೆ ನಂಗನ್ನಿಸುತ್ತೆ, ಹಾಸಿಗೆ ಎತ್ತಿಕೊಂಡು ಮನೆಗೆ ಹೋದನಲ್ಲ, ಅವನೇ ಮಾರನೆ ದಿನ ಏಣಿ ತಗೊಂಡು ಬಂದಿರಬೇಕು." ಅವಳು ಸ್ವಲ್ಪ ಯೋಚಿಸಿ, "ಒಬ್ಬನೇ ಹೇಗಾಗುತ್ತೆ? ಆ ನಾಲ್ಕು ಜನರೂ ಬಂದಿರ್ತಾರೆ ಬಿಡು" ಎಂದು ಆಡಲು ಓಡಿದಳು.

ಎಲ್ಲರಿಗೂ ಒಳ್ಳೆಯದಾಗಲಿ.

ನಿಮ್ಮ ಮೇಷ್ಟ್ರು,
ಆನೇಕಲ್